ಇಂಗ್ಲೆಂಡಿನಲ್ಲಿ ಎರಡೂವರೆ ಗುಂಟೆ

ಇಂಗ್ಲೆಂಡಿನಿಂದ ರಜೆಗೆ ಧಾರವಾಡಕ್ಕೆ ಬಂದಾಗಲೆಲ್ಲ ನಮ್ಮ ಓಣಿಯಲ್ಲಿ ಅಲ್ಲಿಗೆ ಹೊರಟವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಈ ಸಲ ಪಕ್ಕದ ಮನೆಯ ಸೊಸೆ ಬಂದು, "ಕಾಕು, ಹುಬ್ಬಳ್ಳಿಯಿಂದ ಜವಾರಿ ಬದನಿ ಬೀಜಾ ಒಯ್ಯಲೇನ್ರಿ?" ಅಂತ ಕೇಳಿದಳು. ಬ್ಯಾಡವಾ ಅಂದೆ. ಬಿತ್ತುವ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸುಮ್ನೆ ಚೀಲದಲ್ಲಿ ಹಾಕಿಕೊಂಡು ಹೋಗುವಂತಿಲ್ಲ. ಬೀಜ ಅಲ್ಲೇ ಕೊಳ್ಳಿ.

ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಜಮೀನಿಗೆ ಅಲ್ಲಿ ಅಲಾಟ್‌ಮೆಂಟ್ ಅನ್ನುತ್ತಾರೆ. ಹೆಚ್ಚಾಗಿ ಊರಿನ ಕೌನ್ಸಿಲ್ ಕೊಡುತ್ತದೆ. ಪೂರ್ತಿ ತುಂಡು ಸುಮಾರು 250 ಚದರ ಮೀಟರ್, ಅಂದರೆ ಎರಡೂವರೆ ಗುಂಟೆ. ಮೊದಲಿಗೆ ಅರ್ಧ ತುಂಡೇ ಸಾಕು. ಸರದಿ ಬರಲು ಹಲವು ಕಡೆ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಮನೆ ಸಿಕ್ಕ ವಾರವೇ ಹೆಸರು ಹಚ್ಚಿ. ಬೆಳೆದದ್ದು ಮನೆಗೆ, ಹಂಚಲಿಕ್ಕೆ. ವ್ಯಾಪಾರಕ್ಕಲ್ಲ.

ಮುಖ್ಯ ಮಾತು ಹೇಳುತ್ತೇನೆ. ನಾವು ಮಳೆ ನೋಡಿ ಬಿತ್ತುವ ಜನ. ರೋಹಿಣಿ ಬಂತಾ, ಮಿರಗ ಹಿಡೀತಾ ಅಂತ ಮುಗಿಲು ನೋಡುತ್ತೇವೆ. ಅಲ್ಲಿ ಮಳೆ ಹನ್ನೆರಡೂ ತಿಂಗಳು ಇದ್ದದ್ದೇ. ನೋಡಬೇಕಾದದ್ದು ರಾತ್ರಿಯ ಚಳಿ. ಮೇ ತಿಂಗಳಲ್ಲೂ ಫ್ರಾಸ್ಟ್ ಬೀಳಬಹುದು. ಉಪ್ಪು ಉದುರಿಸಿದ ಹಾಗೆ ಎಲೆ ಮೇಲೆ ಹಿಮ ಕೂತಿರುತ್ತದೆ. ಮೊದಲ ವರ್ಷ ನಾನು ಏಪ್ರಿಲ್ ಬಿಸಿಲು ನಂಬಿ ಟೊಮ್ಯಾಟೊ ಸಸಿ ಹೊರಗೆ ಹಚ್ಚಿದೆ. ಬೆಳಿಗ್ಗೆ ಹೋದರೆ ಕುದಿಯುವ ನೀರು ಸುರಿದ ಹಾಗೆ ಎಲ್ಲವೂ ಕಪ್ಪಾಗಿ ಜೋತುಬಿದ್ದಿದ್ದವು. ಆರು ವಾರ ಕಿಟಕಿ ಹತ್ತಿರ ಇಟ್ಟು ಬೆಳೆಸಿದ ಸಸಿಗಳು. ಕಣ್ಣಲ್ಲಿ ನೀರು ಬಂತು. ಟೊಮ್ಯಾಟೊ, ಸೌತೆ, ಚೆಂಡುಹೂವಿನ ಸಸಿಗಳನ್ನು ಮೇ ಕೊನೆಯವರೆಗೆ ಒಳಗೇ ಇಡಿ.

ಮೆಂತೆ, ಮೂಲಂಗಿ ಏಪ್ರಿಲ್‌ನಿಂದಲೇ ಚೆನ್ನಾಗಿ ಬರುತ್ತವೆ. ಕೊತ್ತಂಬರಿ ಜೂನ್‌ನ ಉದ್ದ ಹಗಲಿಗೆ ಬೇಗ ಹೂಬಿಡುತ್ತದೆ. ಆಗಸ್ಟ್‌ನಲ್ಲಿ ಇನ್ನೊಮ್ಮೆ ಉದುರಿಸಿ. ಅವರೆ, ಪುಂಡಿಪಲ್ಯದ ಆಸೆ ಬಿಡಿ. ಅವರೆ ಹೂಬಿಡಲು ಹಗಲು ಚಿಕ್ಕದಾಗಬೇಕು, ಅಷ್ಟರಲ್ಲಿ ಚಳಿ ಬಂದಿರುತ್ತದೆ. ಬದಲಿಗೆ ರನ್ನರ್ ಬೀನ್ಸ್ ಹಾಕಿ, ಎಳೆಯದಿರುವಾಗಲೇ ಕೊಯ್ದು ಪಲ್ಯ ಮಾಡಿ. ಹಾವೇರಿಯವರು ಬ್ಯಾಡಗಿ ಮೆಣಸಿನಕಾಯಿ ಕೇಳುತ್ತಾರೆ. ಮೆಣಸಿನಕಾಯಿ ಬೇಕಿದ್ದರೆ ಫೆಬ್ರವರಿಯಲ್ಲಿ ಮನೆಯೊಳಗೆ ಬಿತ್ತಿ ಗಾಜಿನ ಮನೆಯಲ್ಲಿ ಬೆಳೆಸಬೇಕು.

ಒಂದು ಎಚ್ಚರಿಕೆ. ಸೊಪ್ಪು ಕಂಡರೆ ಪಲ್ಯ ನೆನೆಯುವವರು ನಾವು, ಅಲ್ವಾ? ಹಳೆಯ ತುಂಡುಗಳಲ್ಲಿ ರೂಬಾರ್ಬ್ ಅಂತ ಗಿಡ ಇರುತ್ತದೆ. ಕೆಂಪು ದಂಟು, ಕೆಸುವಿನಷ್ಟು ಅಗಲ ಎಲೆ. ದಂಟು ತಿನ್ನುತ್ತಾರೆ, ಎಲೆ ವಿಷ. ಮನೆಗೆ ಬಂದ ಅತ್ತೆ-ಮಾವನವರಿಗೂ ಇದನ್ನು ಹೇಳಿಡಿ.

ನೆಲ ಬಹಳ ಕಡೆ ನಮ್ಮ ಎರಿ ಭೂಮಿಯ ಹಾಗೇ ಅಂಟು. ಹಸಿ ಇದ್ದಾಗ ತುಳಿಯಬೇಡಿ, ಹದ ಬರಲಿ. ಬೈಂಡ್‌ವೀಡ್ ಅನ್ನುವ ಬಳ್ಳಿಕಸದ ಬಿಳಿ ಬೇರು ಬೆರಳುದ್ದ ಉಳಿದರೂ ಮತ್ತೆ ಚಿಗುರುತ್ತದೆ. ಸಲಿಕೆಯಿಂದ ಕತ್ತರಿಸದೆ ಕೈಯಿಂದ ಆರಿಸಿ ತೆಗೆಯಿರಿ, ತಿಪ್ಪೆಗೆ ಹಾಕಬೇಡಿ.

ಮಕ್ಕಳ ಶಾಲೆಗೆ ರಜೆ ಜುಲೈ ಕೊನೆಯಿಂದ. ಊರಿಗೆ ಬರುವ ಹೊತ್ತೂ ಅದೇ, ಕೊಯ್ಲಿನ ಹೊತ್ತೂ ಅದೇ. ಒಂದು ವರ್ಷ ಐದು ವಾರ ಊರಲ್ಲಿದ್ದು ಹೋದೆ. ಮೊಣಕಾಲೆತ್ತರ ಕಸ, ಜೊತೆಗೆ ಕಸ ತೆಗೆಯಿರಿ ಅಂತ ನೋಟಿಸು. ಈಗ ಹೊರಡುವ ಮೊದಲೇ ಪಕ್ಕದ ತುಂಡಿನ ಅಜ್ಜನಿಗೆ ಹೇಳಿ ಬರುತ್ತೇನೆ. ನೀರು ಹಾಕುತ್ತಾರೆ, ಬೀನ್ಸ್ ಕೊಯ್ದುಕೊಳ್ಳುತ್ತಾರೆ.

ಹೂವು ಒಂದೆರಡು ಸಾಲು ಇರಲಿ. ಚೆಂಡುಹೂವು ಫ್ರಾಸ್ಟ್ ಬೀಳುವವರೆಗೂ ಬಿಡುತ್ತದೆ, ದಸರೆಯ ಬಾಗಿಲಿಗೆ ಸಾಕು. ಶೀಗಿ ಹುಣ್ಣಿಮೆಗೆ ನಾವು ಕಡುಬು, ಎಣ್ಣೆಗಾಯಿ ಕಟ್ಟಿಕೊಂಡು ಹೋಗಿ ಆ ಅರ್ಧ ತುಂಡಿನಲ್ಲೇ ಚರಗ ಚೆಲ್ಲುತ್ತೇವೆ. ಕಡುಬು ನಾಲ್ಕು ಜಾಸ್ತಿ ಇರಬೇಕು. ಅಜ್ಜ ಈಗ ತಾವೇ ತಟ್ಟೆ ತರುತ್ತಾರೆ.