ಒಂದೇ ಎನ್‌ಎಫ್‌ಎಸ್ ಸರ್ವರ್‌ನಲ್ಲಿ ಸಿಸ್ ಮತ್ತು ಕರ್ಬರೋಸ್ ಎರಡೂ: ನನ್ನ ಅನುಭವ

ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಎನ್‌ಎಫ್‌ಎಸ್‌ನಲ್ಲಿ ಗುರುತು ಹೇಳಲು ನಾನು ಬಳಸುವ ಬಗೆ ಎರಡು: ಕ್ಲೈಂಟ್ ಹೇಳಿದ ಬಳಕೆದಾರರ ಅಂಕಿಯನ್ನೇ ನಂಬುವ ಸಿಸ್, ಟಿಕೆಟ್ ತೋರಿಸಿ ಗುರುತು ಸಾಬೀತುಪಡಿಸುವ ಕರ್ಬರೋಸ್. ಎಲ್ಲವನ್ನೂ ಕರ್ಬರೋಸ್‌ಗೆ ಹಾಕಿ, ಇಲ್ಲವೇ ಆ ಕಡೆ ಹೋಗಲೇಬೇಡಿ ಅಂತಲೇ ಎಲ್ಲರೂ ಹೇಳಿದ್ದು. ನಲವತ್ತು ಚಿಲ್ಲರೆ ಕ್ಲೈಂಟ್‌ಗಳಲ್ಲಿ ಐದಾರು ಹಳೆಯ ಸ್ಕ್ಯಾನರ್, ಬ್ಯಾಕಪ್ ಪೆಟ್ಟಿಗೆಗಳು ಕರ್ಬರೋಸ್‌ಗೆ ಬರುವಂಥವಲ್ಲ. ಬದಲಿಸಲು ಬಂದ ಕೊಟೇಶನ್ ಎರಡೂವರೆ ಲಕ್ಷದ ಹತ್ತಿರ. ಈಗ ಎಂಟು ತಿಂಗಳಿಂದ ಒಂದೇ ಡೈರೆಕ್ಟರಿ ಎರಡೂ ಬಗೆಯಲ್ಲಿ ಓಡುತ್ತಿದೆ. ಕೆಡಿಸಿಗೆಂದು (ಟಿಕೆಟ್ ಕೊಡುವ ಕರ್ಬರೋಸ್ ಸರ್ವರ್) ಕೊಂಡ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗೆ ಒಂಬತ್ತು ಸಾವಿರವಾಯಿತು, ಅಷ್ಟೇ ಖರ್ಚು.

ಮೊದಲು ಕೈಕೊಟ್ಟಿದ್ದು ಎಕ್ಸ್‌ಪೋರ್ಟ್ಸ್ ಫೈಲ್, ಅಂದರೆ ಯಾವ ಡೈರೆಕ್ಟರಿಯನ್ನು ಯಾರಿಗೆ ಹೇಗೆ ಕೊಡಬೇಕೆಂದು ಸರ್ವರ್‌ನಲ್ಲಿ ಬರೆಯುವ ಪಟ್ಟಿ. ಸಬ್‌ನೆಟ್‌ಗೆ (ಒಂದು ಐಪಿ ಗುಂಪು) ಸೆಕ್=ಸಿಸ್ ಸಾಲು, ನಕ್ಷತ್ರ ಚಿಹ್ನೆಗೆ (ಯಾರಿಗಾದರೂ ಹೊಂದುವ ವೈಲ್ಡ್‌ಕಾರ್ಡ್) ಸೆಕ್=ಕೆಆರ್‌ಬಿ5ಪಿ (ಗೂಢಲಿಪಿ ಸಹಿತ ಕರ್ಬರೋಸ್) ಸಾಲು ಬರೆದಿದ್ದೆ. ಅದೇ ಸಬ್‌ನೆಟ್‌ನ ಲ್ಯಾಪ್‌ಟಾಪ್‌ಗಳಿಗೆಲ್ಲ ಕೆಆರ್‌ಬಿ5ಪಿ ನಿರಾಕರಣೆ! ಒಂದು ಕ್ಲೈಂಟ್‌ಗೆ ಸಿಗುವುದು ಒಂದೇ ನಮೂದು: ಒಂಟಿ ಹೋಸ್ಟ್ ಮೊದಲು, ಆಮೇಲೆ ಸಬ್‌ನೆಟ್, ಆಮೇಲೆ ವೈಲ್ಡ್‌ಕಾರ್ಡ್. ಸಾಲುಗಳನ್ನು ಮೇಲೆ ಕೆಳಗೆ ಮಾಡಿ ಪ್ರಯೋಜನವಿಲ್ಲ. ಹಳೆಯ ಪೆಟ್ಟಿಗೆಗಳನ್ನು ಒಂದೊಂದೇ ಐಪಿ ಹೆಸರಿಸಿ ಬರೆದೆ. ಬ್ಯಾಕಪ್‌ಗೆ ಸೆಕ್=ಸಿಸ್, ಆರ್‌ಒ (ಓದಲು ಮಾತ್ರ), ನೋ_ರೂಟ್_ಸ್ಕ್ವಾಶ್ (ರೂಟ್‌ಗೆ ರೂಟ್ ಅಧಿಕಾರವೇ); ಸ್ಕ್ಯಾನರ್‌ಗೆ ಆಲ್_ಸ್ಕ್ವಾಶ್ (ಯಾರೇ ಬಂದರೂ ಅನಾಮಿಕ ಬಳಕೆದಾರ). ಐಪಿಯನ್ನು ಯಾರು ಬೇಕಾದರೂ ಕದಿಯಬಹುದು, ಹಾಗಾಗಿ ಇವಕ್ಕೆ ಬೇರೆ ವಿಲ್ಯಾನ್ (ಪ್ರತ್ಯೇಕಿಸಿದ ನೆಟ್‌ವರ್ಕ್) ಕಡ್ಡಾಯ. ಬ್ಯಾಕಪ್ಪನ್ನೂ ಕರ್ಬರೋಸ್‌ಗೆ ತರಲು ಒಂದು ವಾರ ಒದ್ದಾಡಿದೆ. ರೂಟ್ ಬರುವುದು ಮೆಷಿನ್ ಪ್ರಿನ್ಸಿಪಲ್ (ಕರ್ಬರೋಸ್‌ನಲ್ಲಿ ಯಂತ್ರದ ಗುರುತು) ಹೆಸರಲ್ಲಿ, ಸರ್ವರ್ ಅದನ್ನು ನೋಬಡಿ (ಅಧಿಕಾರವಿಲ್ಲದ ಬಳಕೆದಾರ) ಅಂತ ತೆಗೆದುಕೊಳ್ಳುತ್ತದೆ, 600 ಪರ್ಮಿಶನ್‌ನ (ಮಾಲೀಕರಿಗೆ ಮಾತ್ರ ತೆರೆಯುವ) ಫೈಲ್ ಒಂದೂ ಓದಲಾಗುವುದಿಲ್ಲ. ಬಿಟ್ಟೆ.

ಅತಿ ಹೆಚ್ಚು ಸಮಯ ತಿಂದಿದ್ದು ಸೂಪರ್‌ಬ್ಲಾಕ್, ಅಂದರೆ ಕ್ಲೈಂಟ್‌ಗೆ ಜೋಡಿಸಿದ (ಮೌಂಟ್ ಆದ) ಫೈಲ್‌ಸಿಸ್ಟಮ್ ಬಗ್ಗೆ ಕರ್ನಲ್ (ಲಿನಕ್ಸ್‌ನ ತಿರುಳು) ಇಟ್ಟುಕೊಳ್ಳುವ ದಾಖಲೆ. ಒಂದೇ ಕ್ಲೈಂಟ್‌ನಲ್ಲಿ ಅದೇ ಎಕ್ಸ್‌ಪೋರ್ಟನ್ನು ಎರಡು ಕಡೆ ಮೌಂಟ್ ಮಾಡಿ ಎರಡನೆಯದಕ್ಕೆ ಸೆಕ್ ಬರೆಯದಿದ್ದರೆ, ಕರ್ನಲ್ ಮೊದಲನೆಯದನ್ನೇ ಹಂಚಿಕೊಂಡು ಅದರ ಬಗೆಯನ್ನೇ ಸದ್ದಿಲ್ಲದೆ ಹಾಕಿಬಿಡುತ್ತದೆ. ಬೂಟ್‌ನಲ್ಲಿ ಯಾವುದು ಮೊದಲು ಮೌಂಟ್ ಆಯಿತೋ ಅದರ ಮೇಲೆ ಫಲಿತಾಂಶ. ಇವತ್ತು ಸರಿ, ನಾಳೆ ಪರ್ಮಿಶನ್ ಡಿನೈಡ್. ಎಫ್‌ಎಸ್‌ಟ್ಯಾಬ್‌ನ (ಮೌಂಟ್‌ಗಳ ಪಟ್ಟಿಯ ಫೈಲ್) ಪ್ರತಿ ಸಾಲಿನಲ್ಲೂ ಸೆಕ್ ಬರೆಯಿರಿ. ನಿಜಕ್ಕೂ ಯಾವುದು ಬಂತು ಅನ್ನುವುದನ್ನು ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ ತೋರಿಸುತ್ತದೆ. ಎಫ್‌ಎಸ್‌ಟ್ಯಾಬನ್ನು ನಂಬಬೇಡಿ.

ಸಿಸ್ ಮೌಂಟ್ ಹದಿನೈದು ಸೆಕೆಂಡ್ ತಡವಾಗಿ ಬರುತ್ತಿದ್ದರೆ ಡಿಮೆಸೇಜ್‌ನಲ್ಲಿ (dmesg, ಕರ್ನಲ್‌ನ ಸಂದೇಶಗಳು) ಆತ್_ಜಿಎಸ್‌ಎಸ್ ಅಪ್‌ಕಾಲ್ ಟೈಮ್ಡ್ ಔಟ್ ಹುಡುಕಿ. 3.11, 3.12ರ ಕಾಲದ ಕರ್ನಲ್‌ಗಳಲ್ಲಿ ಎನ್‌ಎಫ್‌ಎಸ್ ವಿ4 ಕ್ಲೈಂಟ್ ತನ್ನ ಲೀಸ್‌ಗೆ (ಸರ್ವರ್ ಜೊತೆಗಿನ ಅವಧಿಯ ಒಪ್ಪಂದ) ಮೊದಲು ಕೆಆರ್‌ಬಿ5ಐ (ಗೂಢಲಿಪಿ ಇಲ್ಲದೆ, ದತ್ತಾಂಶ ಬದಲಾಗಿಲ್ಲವೆಂದು ಮಾತ್ರ ಖಚಿತಪಡಿಸುವ ಕರ್ಬರೋಸ್) ಕೇಳಿ ನೋಡುತ್ತದೆ, ಜಿಎಸ್‌ಎಸ್‌ಡಿ (ಕ್ಲೈಂಟ್‌ನಲ್ಲಿ ಕರ್ಬರೋಸ್ ಕೆಲಸ ನೋಡುವ ಸೇವೆ) ಓಡುತ್ತಿಲ್ಲದಿದ್ದರೆ ಕಾಯುತ್ತ ಕೂರುತ್ತದೆ. ಜಿಎಸ್‌ಎಸ್‌ಡಿ ಶುರುಮಾಡಿ, ಇಲ್ಲವೇ ಆರ್‌ಪಿಸಿಸೆಕ್_ಜಿಎಸ್‌ಎಸ್_ಕೆಆರ್‌ಬಿ5 ಮಾಡ್ಯೂಲ್ ಬ್ಲಾಕ್‌ಲಿಸ್ಟ್ ಮಾಡಿ.

ಸಿಸ್‌ನಲ್ಲಿ ಮಾಲೀಕರ ಹೆಸರು ಸರಿ, ಕರ್ಬರೋಸ್‌ನಲ್ಲಿ ಅದೇ ಫೈಲ್ ನೋಬಡಿ ಅಂದರೆ ಐಡಿಮ್ಯಾಪ್‌ನ (ಹೆಸರನ್ನು ಅಂಕಿಗೆ ಜೋಡಿಸುವ ಸೇವೆ) ಡೊಮೈನ್ ಹೊಂದುತ್ತಿಲ್ಲ. ಸಿಸ್‌ನಲ್ಲಿ ಬರಿಯ ಅಂಕಿ ಓಡಾಡುತ್ತದೆ, ಕರ್ಬರೋಸ್‌ನಲ್ಲಿ ಹೆಸರು. ಎರಡೂ ಕಡೆ ಐಡಿಮ್ಯಾಪ್‌ಡಿ.ಕಾನ್ಫ್ ತಿದ್ದಿ, ಎನ್‌ಎಫ್‌ಎಸ್‌ಐಡಿಮ್ಯಾಪ್ -ಸಿ ಕೊಟ್ಟು ಕ್ಯಾಶ್ ತೊಳೆಯಿರಿ.

ಕೀಟ್ಯಾಬ್ (ಯಂತ್ರದ ಕರ್ಬರೋಸ್ ಕೀ ಇಡುವ ಫೈಲ್) ವಿಷಯದಲ್ಲಿ ನಾನೇ ಮಾಡಿಕೊಂಡ ತಪ್ಪು: ಸರ್ವರ್‌ನ ಹಳೆಯ ಫೈಲ್ ಅಳಿಸಿ ಕೆಟಿಆ್ಯಡ್ (ಕೀಟ್ಯಾಬ್‌ಗೆ ಕೀ ಸೇರಿಸುವ ಕಮಾಂಡ್) ಮಾಡಿದೆ. ಕೆಟಿಆ್ಯಡ್ ಪ್ರತಿಸಲ ಹೊಸ ಕೀ ಹುಟ್ಟಿಸಿ ಕೆವಿಎನ್‌ಒ (ಕೀಯ ಆವೃತ್ತಿ ಸಂಖ್ಯೆ) ಒಂದು ಏರಿಸುತ್ತದೆ. ಕ್ಲೈಂಟ್‌ಗಳ ಕೈಯಲ್ಲಿ ಹಳೆಯ ಕೀಯ ಟಿಕೆಟ್ ಇದೆ, ಬಿಚ್ಚಲು ಸರ್ವರ್‌ನಲ್ಲಿ ಕೀ ಇಲ್ಲ. ಅರ್ಧ ದಿನ ಎಲ್ಲರ ಕೆಲಸ ನಿಂತಿತು. ಹಳೆಯ ಫೈಲಿಗೇ ಸೇರಿಸಿದ್ದರೆ ಎರಡೂ ಕೀ ಉಳಿಯುತ್ತಿದ್ದವು. ಕೆಲಿಸ್ಟ್ -ಕೆಇ ತೋರಿಸುವ ಸಂಖ್ಯೆ, ಕೆವಿಎನ್‌ಒ ಕಮಾಂಡ್ ತೋರಿಸುವ ಸಂಖ್ಯೆ ಎರಡೂ ಒಂದೇ ಇರಬೇಕು. ಆಮೇಲೂ ಹಟ ಹಿಡಿದರೆ ಕ್ಲೈಂಟ್‌ನ ಟಿಎಂಪಿಯಲ್ಲಿ ಕೆಆರ್‌ಬಿ5ಸಿಸಿಮೆಷಿನ್ ಎಂದು ಶುರುವಾಗುವ ಫೈಲ್ ಅಳಿಸಿ ಜಿಎಸ್‌ಎಸ್‌ಡಿ ರೀಸ್ಟಾರ್ಟ್ ಮಾಡಿ.

ನಡುವೆ ವೇಗವನ್ನೂ ಅಳೆದೆ: ಗಿಗಾಬಿಟ್‌ನಲ್ಲಿ ಸಿಸ್ ಸೆಕೆಂಡಿಗೆ 110 ಎಂಬಿ, ಕೆಆರ್‌ಬಿ5ಐ 95ರ ಸುಮಾರು, ಹಳೆಯ ಐ3 ಮೆಷಿನ್‌ನಲ್ಲಿ ಕೆಆರ್‌ಬಿ5ಪಿ 60. ಕರ್ಬರೋಸ್ ಇಲ್ಲದೆಯೂ ಗೂಢಲಿಪಿ ಕೊಡುವ ಟಿಎಲ್‌ಎಸ್ ಮೌಂಟ್‌ಗೆ ಕ್ಲೈಂಟ್‌ನಲ್ಲಿ 6.5 ಕರ್ನಲ್ ಬೇಕು, ಅದನ್ನು ಹೊಸ ಎರಡು ಮೆಷಿನ್‌ಗಳಲ್ಲಿ ಮಾತ್ರ ನೋಡಿದೆ.

ಕ್ರಾನ್ ಕೆಲಸಗಳಿಗೆ (ನಿಗದಿತ ಸಮಯಕ್ಕೆ ತಾನಾಗಿ ಓಡುವವು) ಟಿಕೆಟ್ ತಾನಾಗಿ ಬರಲ್ಲ, ಕೀಟ್ಯಾಬ್‌ನಿಂದ ಟಿಕೆಟ್ ತರುವ ಕೆ5ಸ್ಟಾರ್ಟ್ ಸಾಕು. ನಲವತ್ತು ಮೆಷಿನ್‌ಗೆ ಕೀಟ್ಯಾಬ್ ಹಂಚುವ ನನ್ನ ಸ್ಕ್ರಿಪ್ಟನ್ನು ಮಾತ್ರ ಇಲ್ಲಿ ಹಾಕುತ್ತಿಲ್ಲ.