ನೀರುಂಡ ರಾಗಿಯೂ ಬರ ಎಂದಿತು: ನನ್ನ ಅನುಭವ

ಎರಡು ಬೇಸಿಗೆ ದಂಡವಾದವು. ಮಳವಳ್ಳಿ ಕಡೆಯ ಹೊಲದಲ್ಲಿ ಜಿಪಿಯು-28 ತಳಿಯ ರಾಗಿ. ಕೆಲವು ಸಾಲಿಗೆ ನೀರು, ಕೆಲವಕ್ಕೆ ಹತ್ತು ಹನ್ನೆರಡು ದಿನ ಒಣಗು. ಎಲೆ ಕತ್ತರಿಸಿ, ಐಸ್ ಡಬ್ಬಿಗೆ ತುಂಬಿ, ಬನ್ನೂರು ಮಾರ್ಗದ ಬಸ್ಸಿನಲ್ಲಿ ಮೈಸೂರಿನ ಪ್ರಯೋಗಾಲಯಕ್ಕೆ ತರುತ್ತಿದ್ದೆ. ಜೀನ್ ಎಷ್ಟು ಎದ್ದಿದೆ ಎಂದು ಅಳೆಯುವ ಕ್ಯೂಪಿಸಿಆರ್‌ನಲ್ಲಿ, ಬರ ಬಂದಾಗ ಏಳಬೇಕಾದ ಡ್ರೆಬ್2 ಜೀನನ್ನು ನೋಡಿದರೆ ನೀರುಂಡ ಗಿಡಕ್ಕೂ ಬಾಯಾರಿದ ಗಿಡಕ್ಕೂ ಒಂದು ಸೈಕಲ್ಲಿನ ವ್ಯತ್ಯಾಸವೂ ಇಲ್ಲ (ಪ್ರತಿ ಸೈಕಲ್ಲಿಗೆ ನಕಲು ದುಪ್ಪಟ್ಟು; ಜೀನ್ ಹೆಚ್ಚು ಎದ್ದಷ್ಟೂ ಕಡಿಮೆ ಸೈಕಲ್ ಸಾಕು). ಡಿಎನ್‌ಎಯ ಸಿಸಿಜಿಎಸಿ ಎಂಬ ಅಕ್ಷರಗುರುತಿನ ಮೇಲೆ ಕೂತು ಬರದ ಜೀನ್‌ಗಳನ್ನೆಲ್ಲ ಎಬ್ಬಿಸಬೇಕಾದ ಮೇಸ್ತ್ರಿ ಎರಡೂ ಕಡೆ ಎದ್ದು ಕೂತಿದ್ದ.

'ರಾಗಿಯಲ್ಲಿ ಎರಡು ಜೀನೋಮ್, ಅಂದರೆ ಎರಡು ಪೂರ್ವಜರ ಜೀನ್ ಗಂಟು, ಇವೆ; ನಿಮ್ಮ ಪ್ರೈಮರ್ ಎಲ್ಲೋ ಕೂರುತ್ತಿದೆ' ಎಂದರು ಹಿರಿಯರು. ಪ್ರೈಮರ್ ಎಂದರೆ ಬೇಕಾದ ಜೀನನ್ನು ಹಿಡಿಯುವ ಸಣ್ಣ ಡಿಎನ್‌ಎ ತುಂಡು. ಮೂರು ಜೋಡಿ ಬದಲಿಸಿದೆ. ಪ್ರೈಮರ್ ಅಗ್ಗ, ಆದರೆ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವ ಸಿಡಿಎನ್‌ಎ ಕಿಟ್ಟು, ನಕಲು ಎಣಿಸಲು ಹೊಳೆಯುವ ಸೈಬರ್ ಮಿಶ್ರಣ ಸೇರಿ ಮೂವತ್ತು ಸಾವಿರ ನೀರಿನಲ್ಲಿ ಹೋಮವಾಯಿತು.

ಅನುಮಾನ ಬಂದದ್ದು ಕುಂಡದ ಗಿಡದಿಂದ. ಒಂದು ಎಲೆಯನ್ನು ಕತ್ತರಿಸಿದೊಡನೆ ದ್ರವ ಸಾರಜನಕಕ್ಕೆ ಹಾಕಿ ಹೆಪ್ಪುಗಟ್ಟಿಸಿದೆ, ಇನ್ನೊಂದನ್ನು ಬಸ್ಸಿನಷ್ಟೇ ಹೊತ್ತು ಡಬ್ಬಿಯಲ್ಲಿಟ್ಟೆ. ಡಬ್ಬಿಯದ್ದು ಮೂರು ಸೈಕಲ್ ಮೊದಲೇ ಎದ್ದಿತು! ಕತ್ತರಿಸಿದ ಎಲೆಗೆ ಅದೇ ಬರ, ಅದೇ ಗಾಯ. ಪ್ರೈಮರ್ ಸರಿಯಾಗಿಯೇ ಇತ್ತು.

ಸಾರಜನಕದ ಕ್ಯಾನನ್ನು ಬಸ್ಸಿಗೆ ಹತ್ತಿಸುವುದಿಲ್ಲ, ಕಾರಿಗೆ ದಿನಕ್ಕೆ ಎರಡೂವರೆ ಸಾವಿರ. ಹಾಗಾಗಿ ಎಲೆಯ ಆರ್‌ಎನ್‌ಎಯನ್ನು ಇದ್ದಂತೆಯೇ ಕಾಯುವ ಅಮೋನಿಯಂ ಸಲ್ಫೇಟ್ ದ್ರಾವಣವನ್ನು ನಾನೇ ಮಾಡಿಕೊಂಡೆ: ಲೀಟರಿಗೆ ಸುಮಾರು 700 ಗ್ರಾಂ, ಜೊತೆಗೆ ಇಡಿಟಿಎ, ಸೋಡಿಯಂ ಸಿಟ್ರೇಟ್, ಪಿಎಚ್ 5.2. ಖರ್ಚು ಕೆಲವು ನೂರು. ಇದೇ ಬಗೆಯ ಸಿದ್ಧ ದ್ರಾವಣದ ಬಾಟಲಿ ಕೊಂಡರೆ ದುಬಾರಿ. ಎಲೆಯನ್ನು ಗಿಡದಲ್ಲಿರುವಂತೆಯೇ ಬಾಗಿಸಿ ದ್ರಾವಣದೊಳಗೇ ಸಣ್ಣಗೆ ಕತ್ತರಿಸಬೇಕು. ಮೇಣದಂಥ ಹೊರಪದರ ದಾಟಿ ದ್ರಾವಣ ಬೇಗ ಒಳಗಿಳಿಯಲು ನಾನು ಮಾಡುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ. ಈ ಬೇಸಿಗೆ ನೀರುಂಡದ್ದು 27ನೇ ಸೈಕಲ್ಲಿನ ಆಸುಪಾಸು, ಒಣಗಿದ್ದು 23. ಹದಿನಾರು ಪಟ್ಟು, ಮೂರು ಸಲವೂ. ಪ್ರೈಮರ್ ಬೈದವರು ಈಗ ದ್ರಾವಣ ಕೇಳುತ್ತಾರೆ.

ನಡುವೆ ಇನ್ನೊಂದು ಹುಚ್ಚು. ಕುಂಡದ ಎಲೆಗಳನ್ನು ಬೆರಳಿನಿಂದ ಇಪ್ಪತ್ತು ಸಲ ಸವರಿ ನೋಡಿದೆ: ಡ್ರೆಬ್2ರ ಬಳಗದ್ದೇ ಆದ ಡ್ರೆಬ್1 ಜೀನ್ ಎರಡು ಸೈಕಲ್ಲಿನಷ್ಟು ಹೆಚ್ಚು ಎದ್ದಿತು. ಅದು ಹೊತ್ತಿಗೆ ತಕ್ಕಂತೆಯೂ ಏರಿಳಿಯುವುದರಿಂದ ಮಾದರಿಗೆ ಬೆಳಿಗ್ಗೆ ಹತ್ತು ಗಂಟೆ ಎಂದು ಕಟ್ಟುಹಾಕಿದ್ದೇನೆ. ಅಲ್ಲಿಯವರೆಗೆ ಸಾಲಿನೊಳಗೆ ಯಾರೂ ಓಡಾಡುವಂತಿಲ್ಲ, ಹೊಲದ ಯಜಮಾನರೂ. 'ನಮ್ಮ ಹೊಲಕ್ಕೆ ನಾವೇ ಇಳಿಯಬಾರದೇ ಸ್ವಾಮಿ?' ಎಂದು ಅವರು ಮುನಿಸಿಕೊಂಡು ಬದುವಿನ ಮೇಲೆ ಕೂರುತ್ತಾರೆ.