ನೀವು ಅಂದರೆ ಯಾರು?

ಬೆಳಗಾವಿ ಕಡೆಯ ಒಂದು ಊರಲ್ಲಿ ಚರ್ಚೆ ಇತ್ತು. ವಿಷಯ, ಇವತ್ತಿಗೆ ಧರ್ಮ ಬೇಕೋ ಬೇಡವೋ. ನಾನು ದೇವರನ್ನು ನಂಬುವವನಲ್ಲ, ಹಾಗಾಗಿ ಬೇಡ ಅನ್ನುವ ಕಡೆ. ಎದುರಿಗೆ ಕೂತವರು ದಿನಾ ಬಸದಿಗೆ ಹೋಗುವ ಒಬ್ಬ ನಿವೃತ್ತ ಮೇಷ್ಟ್ರು.

"ಲೋಕವನ್ನು ದೇವರು ಮಾಡಿದ ಅಂತೀರಲ್ಲ, ಆ ದೇವರನ್ನು ಮಾಡಿದ್ದು ಯಾರು?" ಅಂತ ಕೇಳಿದೆ. ಜೋರು ಚಪ್ಪಾಳೆ. ಮೇಷ್ಟ್ರು ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿಕೊಂಡರು. "ಹಂಗಂತ ನಾ ಯಾವಾಗ ಅಂದೀನ್ರಿ? ಲೋಕಾ ಮಾಡಿದಾಂವ ನಮ್ಮೊಳಗ ಯಾರೂ ಇಲ್ಲ. ಅದು ಮೊದಲಿಂದ್ಲೂ ಐತಿ."

ನನ್ನ ಮುಂದಿನ ನಾಲ್ಕು ಪ್ರಶ್ನೆಗಳೂ ಅದೇ ಸೃಷ್ಟಿಕರ್ತನ ಮೇಲೆ ನಿಂತಿದ್ದವು. ಒಂದೂ ಉಪಯೋಗಕ್ಕೆ ಬರಲಿಲ್ಲ.

ಮನೆಗೆ ಬಂದು ಜೈನ ಧರ್ಮದ ಬಗ್ಗೆ ಓದಿದೆ. ಲೋಕ ಅನಾದಿ. ಕರ್ಮ ಅಂದರೆ ಜೀವಕ್ಕೆ ಅಂಟಿಕೊಳ್ಳುವ ಸೂಕ್ಷ್ಮ ಕಣ, ಅದೂ ಒಂದು ದ್ರವ್ಯವೇ. 24 ತೀರ್ಥಂಕರರಿಗೆ ಕೈ ಮುಗಿಯುವುದು ವರ ಬೇಡೋಕಲ್ಲ, ಅವರು ನಡೆದ ದಾರಿಗೆ ಗೌರವ. ಓದಿ ಖುಷಿಯಾಯಿತು. ಇನ್ನೊಂದು ಊರಿನ ಚರ್ಚೆಯಲ್ಲಿ ಒಬ್ಬ ಜೈನ ಹೆಣ್ಣುಮಗಳಿಗೆ, "ನಿಮ್ಮಲ್ಲಿ ಹರಕೆ ಹೊರೋದು ಇಲ್ಲವಲ್ಲ" ಅಂದೆ. "ಯಾಕಿಲ್ಲ? ಮಗಳ ಜ್ವರ ಬಿಟ್ಟಾಗ ಹೊಂಬುಜದ ಪದ್ಮಾವತಿ ಅಮ್ಮನಿಗೆ ಸೀರೆ ಕೊಟ್ಟು ಬಂದೆ" ಅಂದರು.

ಮೊದಲ ಸಲ ಓದದೆ ತಪ್ಪಿದೆ. ಎರಡನೇ ಸಲ ಓದಿಯೂ ತಪ್ಪಿದೆ. ಈ ಎರಡನೆಯದೇ ನನ್ನನ್ನು ಜಾಸ್ತಿ ಕಾಡಿದ್ದು. ಗ್ರಂಥದಲ್ಲಿ ಇರುವುದನ್ನು ಎದುರಿಗೆ ಕೂತವರ ಬಾಯಿಗೆ ತುರುಕಿದ್ದೆ. ಅವರ ಜ್ವರ, ಅವರ ಮಗಳು, ಅವರ ಸೀರೆ ಯಾವ ಪುಸ್ತಕದಲ್ಲಿ ಸಿಗುತ್ತೆ?

ಈಗ ಕಾಲೇಜು ಮಕ್ಕಳನ್ನು ಚರ್ಚೆಗೆ ತಯಾರು ಮಾಡುತ್ತೇನೆ. ಮೊದಲು ಹೇಳಿಕೊಡುವುದು "ನೀವು" ಅನ್ನುವ ಪದದ ಬಗ್ಗೆ. ನಮ್ಮ ಭಾಷೆಯಲ್ಲಿ ಗೌರವಕ್ಕೂ ನೀವು, ಹತ್ತು ಜನಕ್ಕೂ ನೀವು. ಒಬ್ಬರ ಜೊತೆ ಮಾತು ಶುರು ಮಾಡಿ, ಗೊತ್ತಿಲ್ಲದೆ ಇಡೀ ಜಾತಿ, ಇಡೀ ಮತಕ್ಕೆ ಬೈದು ಮುಗಿಸಿರುತ್ತೇವೆ. ಅದಕ್ಕೆ ಹೆಸರು ಹಿಡಿದು ಕೇಳಿ ಅನ್ನುತ್ತೇನೆ. "ನಿಮ್ಮವರು", "ನಿಮ್ಮಲ್ಲಿ" ಬೇಡವೇ ಬೇಡ.

ಆಮೇಲೆ, ಎದುರಿನವರ ನಂಬಿಕೆಯನ್ನು ನಮ್ಮ ಮಾತಲ್ಲಿ ಹೇಳಿ ತೋರಿಸಬೇಕು. ಅವರು "ಹೌದು, ಇದೇ" ಅನ್ನುವ ತನಕ ಉತ್ತರ ಕೊಡೋ ಹಾಗಿಲ್ಲ. ಶುರುವಿನಲ್ಲಿ ಮಕ್ಕಳಿಗೆ ಇದು ತುಂಬಾ ನಿಧಾನ ಅನ್ನಿಸುತ್ತೆ. ಇರಲಿ, ನಾನು ಬಿಡುವುದಿಲ್ಲ. ನಂಬದವರ ಬಗ್ಗೆಯೂ ಇದೇ ಮಾತು. ನನಗೆ ದೇವರಿಲ್ಲ, ಆದರೂ ಅಮ್ಮನ ಗೌರಿ ಹಬ್ಬಕ್ಕೆ ಬಾಗಿಲಿಗೆ ತೋರಣ ಕಟ್ಟುವುದು ನಾನೇ.

ಹೋದ ಸಲ ಮೌಢ್ಯ ನಿಷೇಧ ಕಾಯ್ದೆ ಬಗ್ಗೆ ಮಾತಾಡಿಸಿದೆ. 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂದ ಕಾಯ್ದೆ ಅದು. ಎಂಜಲೆಲೆ ಮೇಲೆ ಉರುಳುವ ಮಡೆಸ್ನಾನವನ್ನೂ ನಿಷೇಧಿಸುತ್ತೆ. ಒಬ್ಬ ಹುಡುಗ ವರ್ಷಕ್ಕೊಮ್ಮೆ ಮನೆಯವರ ಜೊತೆ ಕುಕ್ಕೆಗೆ ಹೋಗುವವನು. ಇವನು ಮಡೆಸ್ನಾನದ ಪರ ಅಂತಲೇ ಅಂದುಕೊಂಡು ಎದುರಿನ ಹುಡುಗಿ ಎರಡು ಹಾಳೆ ಬರೆದುಕೊಂಡು ಬಂದಿದ್ದಳು. ನಿಯಮ ಅಲ್ವಾ, ಮೊದಲು ಕೇಳಿದಳು.

"ಸುಬ್ರಹ್ಮಣ್ಯನ್ನ ನಂಬ್ತೀನಿ. ಎಂಜಲೆಲೆ ಮೇಲೆ ಮನುಷ್ಯ ಉರುಳೋದನ್ನ ಅವನು ಕೇಳಿದ್ದಾನೆ ಅಂತ ನಂಬಲ್ಲ. ಆದ್ರೆ ಅದನ್ನ ನಿಲ್ಲಿಸಬೇಕಾದವರು ಭಕ್ತರು. ಪೊಲೀಸರು ಯಾಕೆ?"

ಅವಳು ಹಾಳೆ ಮಡಚಿ ಬ್ಯಾಗಿಗೆ ಹಾಕಿದಳು. "ಭಕ್ತರು ನಿಲ್ಲಿಸೋ ತನಕ ಉರುಳೋರು ಕಾಯ್ತಾ ಇರಬೇಕಾ?" ಅಂದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡ.